ಗೋಪುರಕ್ಕೆ ಬಂದ ಬಸ್ಸು

ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ, ತೂಕದ ಬಟ್ಟುಗಳಿಗೆ ಮುದ್ರೆ ಒತ್ತಿ ಕಳಿಸುವ ಕಚೇರಿಯಲ್ಲಿ ನಮ್ಮ ಗುಮಾಸ್ತರಿಗೆ ಕೆಲಸ. ಬಟ್ಟು ಕೂದಲೆಳೆಯಷ್ಟು ಹಗುರಾದರೂ ಹುಬ್ಬು ಗಂಟಿಕ್ಕುವ ಈ ಮನುಷ್ಯ ಮಾತನ್ನು ಮಾತ್ರ ಒಂದು ದಿನವೂ ತೂಗಿ ಆಡಿದವರಲ್ಲ. ಬಾಯಿಗೆ ಬಂದದ್ದನ್ನು ಆಡಿಬಿಡುವುದು, ಆಮೇಲೆ ಆಡಿದ ಮಾತಿನ ಹಿಂದೆ ಬರಿಗಾಲಲ್ಲಿ ಓಡುವುದು ಅವರ ಹುಟ್ಟುಗುಣ. ಹೇಳಿ ಹೇಳಿ ಹೆಂಡತಿಯ ಬಾಯಿ ಸೋತಿತ್ತು. ಮಗಳೊಬ್ಬಳು ಮಾತ್ರ ಅಪ್ಪನ ಮಾತನ್ನು ಒಂದಕ್ಷರ ಬಿಡದೆ ನಂಬುತ್ತಿದ್ದಳು. ಬಂದ ಪೇಚಾಟವೆಲ್ಲ ಆ ನಂಬಿಕೆಯಿಂದಲೇ ಬಂತು.

ಅವತ್ತು ಕಚೇರಿಗೆ ರಜೆ. ಬೆಳಿಗ್ಗೆಯೇ ವಠಾರದ ಮಕ್ಕಳು ಮೆಟ್ಟಿಲ ಮೇಲೆ ಸೇರಿ ಮನೆ ಹಾರಿಹೋಗುವ ಹಾಗೆ ಗಲಾಟೆ ಮಾಡುತ್ತಿದ್ದರು. ಅವರನ್ನು ಸುಮ್ಮನಿರಿಸಲು ಗುಮಾಸ್ತರೇ ಹೋಗಿ ನಡುವೆ ಕೂತು ಕಥೆ ಹೇಳತೊಡಗಿದರು. ಕಥೆ ಹೇಳಿದರೆ ಮಕ್ಕಳು ಸುಮ್ಮನಾಗುತ್ತಾರೆ ಎಂದು ನಂಬಿದವರು ಮಕ್ಕಳನ್ನು ಕಂಡವರೇ ಅಲ್ಲ.

"ಒಬ್ಬ ರಾಜಕುಮಾರ. ಅವನಿಗೆ ಮಂತ್ರಿಯ ಮಗ ಪ್ರಾಣಸ್ನೇಹಿತ. ಒಂದಿನ ರಾಕ್ಷಸ ಬಂದು ರಾಜಕುಮಾರನ್ನ ಎತ್ತರದ ಗೋಪುರದಲ್ಲಿ ಕೂಡಿಹಾಕಿದ. ಸುದ್ದಿ ಬಂದಾಗ ಮಂತ್ರಿಯ ಮಗ ಊಟಕ್ಕೆ ಕೂತಿದ್ದ. ಎತ್ತಿದ ತುತ್ತು ತಟ್ಟೆಗೆ ಹಾಕಿ ಎದ್ದವನೇ ಕುದುರೆ ಹತ್ತಿದ."

"ಕೈ ತೊಳೆದ್ನಾ?" ಎಂದು ಕೇಳಿದ ಮಕ್ಕಳಲ್ಲೊಬ್ಬ, ಹಲ್ಲುಬಿದ್ದವನು. ಅವನಿಗೆ ಮುಂದಿನ ಹಲ್ಲುಗಳು ಇನ್ನೂ ಬಂದಿರಲಿಲ್ಲ, ಪ್ರಶ್ನೆಗಳು ಮಾತ್ರ ಮೊದಲೇ ಬಂದಿದ್ದವು.

"ಇಲ್ಲ ಕಣೋ. ಗೆಳೆಯ ಆಪತ್ತಲ್ಲಿರುವಾಗ ಕೈ ತೊಳೀತಾ ಕೂರ್ತಾರಾ?"

"ಹಾಗಿದ್ರೆ ಲಗಾಮಿಗೆಲ್ಲ ಅನ್ನ ಮೆತ್ತಿರತ್ತೆ."

ಮೇಲಿನ ಮನೆಯ ಉದ್ದಜಡೆಯ ಹುಡುಗಿ ಅಷ್ಟು ಹೊತ್ತು ಜಡೆಯ ತುದಿ ಕಚ್ಚುತ್ತ ಕೂತಿದ್ದಳು. ಮುಂದೆ ವಕೀಲೆಯಾಗುತ್ತಾಳೆಂದು ವಠಾರವೆಲ್ಲ ಒಪ್ಪಿಕೊಂಡಿದ್ದ ಹುಡುಗಿ. "ಮಾಮ, ಅವರಪ್ಪ ರಾಜನ ಹತ್ರ ಕೆಲಸಕ್ಕಿದ್ದಾರಲ್ವಾ? ಇವನು ಹೋಗ್ಲಿಲ್ಲ ಅಂದ್ರೆ ಅಪ್ಪನ ಕೆಲಸ ಹೋಗತ್ತೆ. ಅದಕ್ಕೇ ಹೋಗಿದ್ದಾನೆ. ಅದು ಸ್ನೇಹ ಅಲ್ಲ, ನೌಕರಿ" ಎಂದಳು.

"ಹಾಗೆಲ್ಲ ಅನ್ನಬಾರದಮ್ಮ."

"ಸರಿ. ರಾಕ್ಷಸ ಮಂತ್ರಿ ಮಗನ್ನ ಹಿಡ್ಕೊಂಡಿದ್ರೆ ರಾಜಕುಮಾರ ಬಿಡಿಸಕ್ಕೆ ಹೋಗ್ತಿದ್ನಾ?"

ಗುಮಾಸ್ತರು ತಾವು ಕೇಳಿದ ಕಥೆಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದರು. ಎಲ್ಲ ಕಥೆಯಲ್ಲೂ ಗೋಪುರದಲ್ಲಿ ಕೂತವನು ರಾಜಕುಮಾರನೇ, ಗೋಡೆ ಹತ್ತುವವನು ಇನ್ನೊಬ್ಬನೇ. "ಆ ಕಥೆ ನಾನು ಕೇಳಿಲ್ಲ" ಎಂದರು.

"ಹಾಗಾದ್ರೆ ಅದು ಅರ್ಧ ಸ್ನೇಹ" ಎಂದು ಜಡೆಯವಳು ತೀರ್ಪು ಕೊಟ್ಟಳು. ಪೂರ್ತಿ ಸ್ನೇಹ ಯಾವುದೆಂದು ಅಲ್ಲಿಂದ ಚರ್ಚೆ ಶುರುವಾಯಿತು. ಕರೆದ ಕೂಡಲೇ ಬರಬೇಕು. ಕೈಯಲ್ಲಿರುವ ಕೆಲಸ ಬಿಟ್ಟು ಬರಬೇಕು. ಯಾಕೆ ಎಂದು ಕೇಳಬಾರದು. ಜ್ವರ ಬಂದಿದ್ದರೆ ಮಾಫಿ, ಆದರೆ ನಿಜವಾದ ಜ್ವರವೇ ಆಗಿರಬೇಕು. ಕಚೇರಿಯ ನಿಯಮಗಳು ಇಷ್ಟು ಸ್ಪಷ್ಟವಾಗಿದ್ದರೆ ತಮ್ಮ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು ಎಂದು ಗುಮಾಸ್ತರಿಗೆ ಅನ್ನಿಸಿತು.

ಆಗ ಮಗಳು ಕೇಳಿದಳು: "ಅಪ್ಪಾ, ನಿನ್ನ ಮಂತ್ರಿ ಮಗ ಯಾರು?"

ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. "ನಿಮ್ಮಪ್ಪನಿಗೆ ಗೆಳೆಯನಾ? ಮದುವೆಯಾದಾಗಿಂದ ಗೆಳೆಯ ಅಂತ ಒಬ್ರು ಬಂದು ಈ ಮನೇಲಿ ಒಂದು ಲೋಟ ಕಾಫಿ ಕುಡಿದಿದ್ದು ನಾ ಕಾಣೆ."

ಆ ನಗುವಿಗೆ ಗುಮಾಸ್ತರ ಮಾನ ಮೂರುಕಾಸಿಗೆ ಇಳಿದಂತಾಯಿತು. ಮಗಳು ಬಾಯಿ ತೆರೆದು ಕಾಯುತ್ತಿದ್ದಳು. "ಯಾಕಿಲ್ಲ? ನಾನು ದಿನಾ ಹೋಗ್ತೀನಲ್ಲ, ಆ ಬಸ್ಸಿನ ಡ್ರೈವರ್. ನನ್ನ ಪ್ರಾಣಸ್ನೇಹಿತ. ನಾನು ಕರೆದೆ ಅಂತ ಗೊತ್ತಾದ್ರೆ ಸಾಕು, ಎಲ್ಲಾ ಬಿಟ್ಟು ಬಂದ್ಬಿಡ್ತಾರೆ" ಎಂದುಬಿಟ್ಟರು.

ಈ ಪ್ರಾಣಸ್ನೇಹ ಎಂಥದ್ದೆಂದು ಓದುಗರಿಗೆ ತಿಳಿಸುವುದು ನಮ್ಮ ಧರ್ಮ. ಗುಮಾಸ್ತರು ದಿನವೂ ಡ್ರೈವರ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಹಿಟ್ಟಿನ ಗಿರಣಿಯ ತಿರುವಿನಲ್ಲಿ ಬಸ್ಸು ಒಂದು ಕಡೆಗೆ ವಾಲಿದಾಗ, "ನಿಧಾನಕ್ಕೆ ಸಾರ್, ಆಫೀಸೇನು ಓಡಿಹೋಗಲ್ಲ" ಎನ್ನುತ್ತಿದ್ದರು. ಡ್ರೈವರು "ಹೂಂ ಸಾರ್" ಎನ್ನುತ್ತಿದ್ದರು. ಇಷ್ಟು ವರ್ಷದ ಸ್ನೇಹದಲ್ಲಿ ನಡೆದ ಮಾತುಕತೆ ಇಷ್ಟೇ. ಅದೂ ಪ್ರೀತಿಯಿಂದ ಆಡಿದ್ದಲ್ಲ. ವೇಗವೆಂದರೆ ಗುಮಾಸ್ತರಿಗೆ ಕೈಕಾಲು ತಣ್ಣಗಾಗುತ್ತಿತ್ತು.

"ಹಾಗಾದ್ರೆ ಪರೀಕ್ಷೆ ಮಾಡೋಣ" ಎಂದಳು ಜಡೆಯವಳು. "ನಮ್ಮ ಬೀದಿ ತುದೀಲೇ ಬಸ್ಟಾಪ್ ಇದೆ. ನೀವು ಸೆರೆಯಾಗಿದ್ದೀರಿ ಅಂತ ಹೇಳ್ತೀವಿ. ಬರ್ತಾರಾ ಇಲ್ವಾ ನೋಡೋಣ."

"ಸುಳ್ಳು ಹೇಳಬಾರದು" ಎಂದಳು ಮಗಳು.

"ಸುಳ್ಳು ಯಾಕೆ? ಮಾಮನ್ನ ನಿಜವಾಗ್ಲೂ ಕೂಡಿಹಾಕೋಣ."

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಹಳೆಯ ಸಾಮಾನು ತುಂಬುವ ಒಂದು ಕೋಣೆಯಿತ್ತು. ಅದಕ್ಕೆ ಕಬ್ಬಿಣದ ಬಾಗಿಲು, ಹೊರಗಿನಿಂದ ಚಿಲಕ. ಗುಮಾಸ್ತರು ಬೇಡವೆನ್ನಬೇಕಿತ್ತು. ಆದರೆ ಅವರಿಗೂ ಒಂದು ಲೆಕ್ಕಾಚಾರ ಹೊಳೆಯಿತು. ಜನ ತುಂಬಿದ ಬಸ್ಸಿನ ಡ್ರೈವರು ಮಕ್ಕಳ ಮಾತಿಗೆ ಇಳಿದು ಬರುವುದುಂಟೇ? ಮಕ್ಕಳು ಸಪ್ಪೆ ಮೋರೆ ಹಾಕಿಕೊಂಡು ವಾಪಸಾದಾಗ, "ಪಾಪ, ಡ್ಯೂಟಿ ಮೇಲಿದ್ದಾರೆ" ಎಂದರಾಯಿತು. ಡ್ರೈವರ ಮರ್ಯಾದೆಯೂ ಉಳಿಯಿತು, ತಮ್ಮದೂ ಉಳಿಯಿತು, ನಡುವೆ ಒಂದು ನಿದ್ದೆಯೂ ಆಯಿತು. ಹೀಗೆ ಯೋಚಿಸಿ ಬನಿಯನ್, ಪೈಜಾಮದಲ್ಲೇ, ದಿಂಬೊಂದನ್ನು ಬಗಲಲ್ಲಿಟ್ಟುಕೊಂಡು, ತಾವಾಗಿಯೇ ಸೆರೆಮನೆ ಹೊಕ್ಕರು. ತಾನೇ ತೋಡಿದ ಹಳ್ಳಕ್ಕೆ ದಿಂಬು ತಗೊಂಡು ಹೋಗಿ ಬಿದ್ದವರನ್ನು ನಾವು ಬೇರೆಲ್ಲೂ ಕಂಡಿಲ್ಲ.

ಹಲ್ಲುಬಿದ್ದವನು ಇಟ್ಟಿಗೆಯಿಂದ ಬಡಿದು ಚಿಲಕ ಹಾಕಿದ. ಒಮ್ಮೆ ತೆಗೆದು ನೋಡೋಣವೆಂದು ಎಳೆದ. ಚಿಲಕ ಕದಲಲಿಲ್ಲ. ಎಲ್ಲರೂ ಸೇರಿ ಜೋತುಬಿದ್ದರು. ತುಕ್ಕು ಹಿಡಿದ ಚಿಲಕ ಕಚ್ಚಿ ಕೂತಿತ್ತು.

"ಮಾಮ" ಎಂದು ಕೂಗಿದ ಅವನು, "ಈಗ ಪೂರ್ತಿ ನಿಜ ಆಯ್ತು."

ಹೆಂಡತಿ ಮೇಲೆ ಬಂದು ಬಾಗಿಲು ಅಲ್ಲಾಡಿಸಿ ನೋಡಿದಳು. "ರೀ, ಬುದ್ಧಿ ಇದೆಯಾ ನಿಮಗೆ? ಬಡಗಿ ಊರಲ್ಲಿಲ್ಲ. ಕೆಳಗಿನ ಮನೆಯವರು ಬೀಗ ಹಾಕ್ಕೊಂಡು ಹೋಗಿದ್ದಾರೆ. ಯಾರನ್ನ ಕರೀಲಿ ನಾನು?"

"ಡ್ರೈವರ್‌ನ ಕರೀತೀವಿ ಆಂಟಿ" ಎಂದು ಮಕ್ಕಳು ಆಗಲೇ ಮೆಟ್ಟಿಲಿಳಿದಿದ್ದರು. "ಏ ಬೇಡ, ಬನ್ರೋ" ಎಂದು ಗುಮಾಸ್ತರು ಕೂಗಿದ್ದು ಕಬ್ಬಿಣದ ಬಾಗಿಲಿಗಷ್ಟೇ ಕೇಳಿಸಿತು.

ಬಸ್ಟಾಪಿನಲ್ಲಿ ನಡೆದದ್ದನ್ನು ಮಕ್ಕಳೇ ಆಮೇಲೆ ಹೇಳಿದರು. ಬಸ್ಸು ನಿಂತ ಕೂಡಲೇ ಮಗಳು ಡ್ರೈವರ ಕಿಟಕಿಯ ಕೆಳಗೆ ನಿಂತು ಹೇಳಿದಳಂತೆ: "ದಿನಾ ನಿಮ್ಮ ಹಿಂದೆ ಕೂತ್ಕೊಂಡು ನಿಧಾನಕ್ಕೆ ಅಂತಾರಲ್ಲ, ಅವರು ನಮ್ಮಪ್ಪ. ತಾರಸಿ ಕೋಣೇಲಿ ಸಿಕ್ಕಿಹಾಕ್ಕೊಂಡಿದ್ದಾರೆ. ಬಾಗಿಲು ತೆಗೆಯಕ್ಕೆ ಆಗ್ತಿಲ್ಲ."

ಡ್ರೈವರು ಕೇಳಿದ್ದು ಒಂದೇ ಮಾತು. "ಬೀಗವಾ, ಚಿಲಕವಾ?"

"ಪ್ರಶ್ನೆ ಕೇಳಿದ್ರು. ಫೇಲು" ಎಂದು ಪಿಸುಗುಟ್ಟಿದ ಹಲ್ಲುಬಿದ್ದವನು.

"ಯಾಕೆ ಅಂತ ಕೇಳಲಿಲ್ಲ ಕಣೋ, ಹೇಗೆ ಅಂತ ಕೇಳಿದ್ರು. ಅದು ಬೇರೆ" ಎಂದಳು ಜಡೆಯವಳು. ಈ ವ್ಯತ್ಯಾಸ ಅರ್ಥವಾಗಲು ದೊಡ್ಡವರಿಗೆ ಒಂದು ಆಯುಷ್ಯ ಬೇಕಾಗುತ್ತದೆ.

ಇತ್ತ ಗುಮಾಸ್ತರು ಗಾಳಿಕಿಂಡಿಗೆ ಮುಖವೊತ್ತಿ ಬೀದಿ ನೋಡುತ್ತಿದ್ದರು. ಸೈಕಲ್ಲು ತಿರುಗಿಸಲೂ ಎರಡು ಸಲ ಯೋಚಿಸಬೇಕಾದ ಬೀದಿ ಅದು. ಅದರ ತುದಿಯಲ್ಲಿ ಮೊದಲು ಒಂದು ದೊಡ್ಡ ಗಾಜು ಕಾಣಿಸಿತು. ಆಮೇಲೆ ಬಸ್ಸಿನ ಮೂತಿ. ಆಮೇಲೆ, ಬೇಡ ಬೇಡವೆಂದರೂ, ಇಡೀ ಬಸ್ಸು. ಒಣಗಲು ಹಾಕಿದ್ದ ಬಟ್ಟೆಗಳು ಹಗ್ಗದ ಸಮೇತ ಬಸ್ಸಿನ ಕನ್ನಡಿಗೆ ಸುತ್ತಿಕೊಂಡು ಬಾವುಟದ ಹಾಗೆ ಹಾರುತ್ತಿದ್ದವು. ಮುಂದೆ ಮಕ್ಕಳು ದಾರಿ ತೋರಿಸುತ್ತ ಓಡುತ್ತಿದ್ದರು. ಹಿಂದಿನ ಬಾಗಿಲಲ್ಲಿ ಕಂಡಕ್ಟರು ತಲೆ ಮೇಲೆ ಕೈ ಹೊತ್ತು ನಿಂತಿದ್ದರು.

ಬಸ್ಸು ಮನೆಯ ಮುಂದೆ ಸಿಕ್ಕಿಕೊಂಡು ನಿಂತಿತು. ಡ್ರೈವರು ಜಾಕಿಯ ರಾಡು ಹಿಡಿದು ಇಳಿದರು. ಅವರ ಹಿಂದೆ ಪ್ರಯಾಣಿಕರೂ ಇಳಿದರು, ಯಾಕೆಂದರೆ ಒಳಗೆ ಕೂತು ಮಾಡುವುದೇನಿತ್ತು? ದೊಡ್ಡ ಚೀಲ ಹೊತ್ತ ಒಬ್ಬ ಅಜ್ಜಿ ಗುಮಾಸ್ತರ ಹೆಂಡತಿಯ ಹತ್ತಿರ ಹೋಗಿ, "ಯಾರಮ್ಮ ಒಳಗಿರೋದು, ಗಂಡನಾ? ಸ್ವಲ್ಪ ಹೊತ್ತು ಅಲ್ಲೇ ಇರಲಿ ಬಿಡು. ಮೊದ್ಲು ನನಗೊಂದು ಲೋಟ ನೀರು ಕೊಡು" ಎಂದರು.

ತಾರಸಿಯ ಮೇಲೆ ರಾಡಿನ ಏಟು ಬಿತ್ತು. ಇನ್ನೊಂದು ಬಿತ್ತು. ಚಿಲಕ ಮುರಿದು ಬಾಗಿಲು ತೆರೆದಾಗ, ಧೂಳು ಮೆತ್ತಿಕೊಂಡು ಬಗಲಲ್ಲಿ ದಿಂಬು ಹಿಡಿದ ರಾಜಕುಮಾರ ಹೊರಗೆ ಬಂದ. ಡ್ರೈವರ ಖಾಕಿ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಅಂಗೈಯಲ್ಲಿ ರಕ್ತ ಜಿನುಗುತ್ತಿತ್ತು.

"ಏಟೇನೂ ಆಗಿಲ್ಲ ತಾನೇ ಸಾರ್?" ಎಂದರು ಡ್ರೈವರು.

ಗುಮಾಸ್ತರು ಆ ಅಂಗೈಯನ್ನೇ ನೋಡಿದರು. ತಾನು ಯಾರೆಂದು ಇವರು ಇಷ್ಟು ಓಡಿ ಬಂದರು? ಬಾಯಿತಪ್ಪಿ ಆಡಿದ ಒಂದು ಜಂಬದ ಮಾತನ್ನು ಈ ಮನುಷ್ಯ ನಿಜಮಾಡಿ ಕೈಗೆ ಕೊಟ್ಟಿದ್ದ. ಅವರಿಗೆ ಅಳು ಬಂತು. ಮಗಳಂತೂ ಅಪ್ಪನನ್ನೂ ಡ್ರೈವರನ್ನೂ ಮತ್ತೆ ಮತ್ತೆ ನೋಡುತ್ತ ಹೆಮ್ಮೆಯಿಂದ ಅರ್ಧ ಅಡಿ ಬೆಳೆದಿದ್ದಳು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ರಾಕ್ಷಸನಿಲ್ಲದೆ ಕಥೆ ಮುಗಿಯುವುದು ಹೇಗೆ? ಆ ದಿನ ಅದೇ ಬಸ್ಸಿನಲ್ಲಿ ಟಿಕೆಟ್ ತಪಾಸಣೆಗೆಂದು ಹತ್ತಿದ್ದ ಚೆಕಿಂಗ್ ಇನ್‌ಸ್ಪೆಕ್ಟರು ಕೆಳಗೆ ಕಾಯುತ್ತಿದ್ದರು. ಕಂಕುಳಲ್ಲಿ ಕಪ್ಪು ಚೀಲ, ಮುಖ ಹರಳೆಣ್ಣೆ ಕುಡಿದ ಹಾಗೆ.

"ಏನ್ರೀ ಡ್ರೈವರೇ, ಸರ್ಕಾರದ ಬಸ್ಸನ್ನ ಬೀದಿಯೊಳಗೆ ನುಗ್ಗಿಸಿದ್ದೀರಲ್ಲ. ಇವರು ನಿಮಗೆ ಏನಾಗಬೇಕು?"

"ಗೆಳೆಯರು ಸಾರ್" ಎಂದರು ಡ್ರೈವರು, ಸ್ವಲ್ಪವೂ ತಡವರಿಸದೆ.

"ಎಂಥ ಗೆಳೆಯರು?"

"ಬಸ್ ಹತ್ತಿದವರೆಲ್ಲ ನನಗೆ ಹೇಳೋದು ಒಂದೇ ಮಾತು. ಬೇಗ ಹೋಗ್ರಿ, ಎತ್ತಿನ ಗಾಡಿ ಓಡಿಸ್ತಿದ್ದೀರಾ ಅಂತ. ನಿಧಾನಕ್ಕೆ ಹೋಗಿ ಅಂದವರು ಇವರೊಬ್ರೇ ಸಾರ್. ನನ್ನ ಹೆಂಡ್ತೀನೂ ಮನೆಗೆ ಬೇಗ ಬನ್ನಿ ಅಂತಾಳೆ."

ಪ್ರಯಾಣಿಕರಲ್ಲಿ ಕೆಲವರು ತಲೆ ತಗ್ಗಿಸಿದರು. ಇನ್‌ಸ್ಪೆಕ್ಟರು ಗಂಟಲು ಸರಿಮಾಡಿಕೊಂಡು ಕಾನೂನು ಹೇಳಿದರು. "ನೋಡ್ರಿ, ಯಾರೋ ಸಾರ್ವಜನಿಕರು ಆಪತ್ತಲ್ಲಿದ್ದಾರೆ ಅಂತ ರೂಟು ಬಿಟ್ಟು ಬಂದ್ರೆ ಅದು ಮಾನವೀಯತೆ. ಇಲಾಖೆ ಬೆನ್ನು ತಟ್ಟತ್ತೆ. ಗೆಳೆಯರು, ನೆಂಟರು ಅಂತ ಬಸ್ ತಂದ್ರೆ ಅದು ಸ್ವಂತಕ್ಕೆ ಬಳಸಿಕೊಂಡ ಹಾಗೆ. ಇವತ್ತಿಂದಲೇ ಕೆಲಸದಿಂದ ಸಸ್ಪೆಂಡ್. ಇನ್ನೊಂದ್ಸಲ ಕೇಳ್ತೀನಿ. ಇವರು ಯಾರು?"

"ಹೇಳಿದ್ನಲ್ಲ ಸಾರ್. ಗೆಳೆಯರು."

ಬಾಯಿಬಿಟ್ಟರೆ ಬಣ್ಣಗೇಡು ಎನ್ನುವುದು ಗುಮಾಸ್ತರ ಮಟ್ಟಿಗೆ ದಿನದ ಅನುಭವ. ಆದರೆ ಆ ಗಳಿಗೆಯಲ್ಲಿ ಅವರು ಹುಟ್ಟಿದ ಮೇಲೆ ಮೊದಲ ಸಲ ಒಂದು ಮಾತನ್ನು ತೂಗಿ ನೋಡಿದರು. ಒಂದು ತಟ್ಟೆಯಲ್ಲಿ ಡ್ರೈವರ ಅನ್ನ. ಇನ್ನೊಂದರಲ್ಲಿ ಮಗಳ ಮುಖ. ಅವರು ಇನ್‌ಸ್ಪೆಕ್ಟರ ಮುಂದೆ ಬಂದು ನಿಂತರು.

"ಸಾರ್, ಇವರು ನನ್ನ ಗೆಳೆಯರಲ್ಲ. ಇವರು ಯಾರೋ ನನಗೆ ಗೊತ್ತೇ ಇಲ್ಲ."

ಹಲ್ಲುಬಿದ್ದವನು ಅವರ ಪೈಜಾಮ ಜಗ್ಗಿದ. "ಮಾಮ, ಬೆಳಿಗ್ಗೆ ಪ್ರಾಣಸ್ನೇಹಿತ ಅಂದ್ರಲ್ಲ?"

"ಜಂಬಕ್ಕೆ ಹೇಳಿದ್ದು ಕಣೋ" ಎಂದರು ಗುಮಾಸ್ತರು. ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. "ಸಾರ್, ನಿಧಾನಕ್ಕೆ ಅಂತ ನಾನು ಹೇಳ್ತಿದ್ದದ್ದು ಇವರ ಮೇಲಿನ ಪ್ರೀತಿಗೂ ಅಲ್ಲ. ನನಗೆ ಬಸ್ಸಂದ್ರೆ ಹೆದರಿಕೆ. ಜೀವ ಕೈಲಿ ಹಿಡ್ಕೊಂಡು ಕೂತಿರ್ತೀನಿ. ಪಾಪ, ಇವರು ತಪ್ಪು ತಿಳ್ಕೊಂಡು ಬಂದಿದ್ದಾರೆ."

"ತಪ್ಪೇನು ತಿಳ್ಕೊಂಡಿಲ್ಲ ಸಾರ್" ಎಂದರು ಡ್ರೈವರು ಮೆಲ್ಲಗೆ. "ನಿಮಗೆ ಹೆದರಿಕೆ ಅಂತ ನನಗೆ ಮೊದಲ ದಿನದಿಂದ ಗೊತ್ತು. ಕನ್ನಡೀಲಿ ಕಾಣತ್ತಲ್ಲ. ಗಿರಣಿ ತಿರುವು ಬಂದ ಕೂಡ್ಲೇ ಎರಡೂ ಕೈಲಿ ಕಂಬಿ ಹಿಡ್ಕೊಂಡು ಕಣ್ಣು ಮುಚ್ತೀರಿ. ಅದಕ್ಕೇ ನಾನು ಅಲ್ಲಿ ಗೇರು ಇಳಿಸೋದು. ನೀವು ನಿಧಾನಕ್ಕೆ ಅನ್ನೋ ಹೊತ್ತಿಗೆ ಬಸ್ ಆಗ್ಲೇ ನಿಧಾನ ಆಗಿರತ್ತೆ."

"ಓಹೋ, ಈ ಬಸ್ಸು ದಿನಾ ಯಾಕೆ ಲೇಟು ಅಂತ ಈಗ ಗೊತ್ತಾಯ್ತು" ಎಂದರು ಇನ್‌ಸ್ಪೆಕ್ಟರು.

ಗುಮಾಸ್ತರು ಡ್ರೈವರ ಕಡೆ ತಿರುಗಿದರು. ಇಷ್ಟು ವರ್ಷ ದಿನವೂ ಒಬ್ಬರು ತಮಗಾಗಿ ಒಂದು ಬಸ್ಸನ್ನೇ ನಿಧಾನ ಮಾಡಿದ್ದಾರೆ, ಹೇಳಿಕೊಳ್ಳದೆ, ಕೇಳುವ ಮೊದಲೇ. ಅಂಥವರನ್ನು ಬಿಗಿಯಾಗಿ ತಬ್ಬಿಕೊಳ್ಳಬೇಕು ಅನ್ನಿಸಿತು. ಅಪ್ಪಿಕೊಂಡರೆ ಆ ಮನುಷ್ಯನ ನೌಕರಿ ಹೋಗುತ್ತಿತ್ತು. ಅದಕ್ಕೇ ದಿಂಬನ್ನು ಅವುಚಿಕೊಂಡು ಮತ್ತೂ ಗಟ್ಟಿಯಾಗಿ, "ನನಗಿವರು ಗೊತ್ತಿಲ್ಲ" ಎಂದರು.

"ನನಗೆ ಚೆನ್ನಾಗಿ ಗೊತ್ತು" ಎಂದರು ಡ್ರೈವರು.

"ಸಾರ್, ಈ ಮನುಷ್ಯನಿಗೆ ತಮ್ಮ ಒಳ್ಳೇದೇನು ಅಂತ ಗೊತ್ತಾಗಲ್ಲ. ನೀವು ನನ್ನ ಮಾತು ನಂಬಿ."

"ನಿಲ್ಸಿ ಇಬ್ರೂ. ಇವರ ಹೆಸರೇನು ಹೇಳಿ ನೋಡೋಣ" ಎಂದು ಇನ್‌ಸ್ಪೆಕ್ಟರು ಒಬ್ಬರಾದ ಮೇಲೊಬ್ಬರನ್ನು ಕೇಳಿದರು. ಇಬ್ಬರಿಗೂ ಗೊತ್ತಿರಲಿಲ್ಲ. ಸ್ವಂತ ಊರು ಯಾವುದು? ಗೊತ್ತಿಲ್ಲ. ಮಕ್ಕಳೆಷ್ಟು? ಡ್ರೈವರು ಮುಂದೆ ನಿಂತ ಮಕ್ಕಳನ್ನೆಲ್ಲ ಎಣಿಸತೊಡಗಿದರು. ಇನ್‌ಸ್ಪೆಕ್ಟರ ಮುಖ ಸಡಿಲವಾಯಿತು. "ಹೆಸರು ಕೂಡ ಗೊತ್ತಿಲ್ಲ ಅಂದ್ಮೇಲೆ ಇನ್ನೆಂಥ ಗೆಳೆತನ?"

ಕೆಲಸ ಸುಸೂತ್ರವಾಯಿತು ಎನ್ನುವಷ್ಟರಲ್ಲಿ ಜಡೆಯವಳು ನ್ಯಾಯಕ್ಕೆ ಇಳಿದಳು. "ಹೆಸರು ಗೊತ್ತಿರಲೇಬೇಕು ಅಂತಿಲ್ಲ ಅಂಕಲ್. ಕಥೇಲಿ ಮಂತ್ರಿ ಮಗನ ಹೆಸರು ಯಾರಾದ್ರೂ ಹೇಳಿದ್ದಾರಾ? ಆದ್ರೂ ಅವನು ಗೆಳೆಯನೇ. ಇವರು ಕರೆದ ಕೂಡ್ಲೇ ಬಂದ್ರು. ಕೆಲಸ ಬಿಟ್ಟು ಬಂದ್ರು. ಯಾಕೆ ಅಂತ ಕೇಳಲಿಲ್ಲ."

"ಕೈನೂ ತೊಳ್ಕೊಳ್ಳಲಿಲ್ಲ" ಎಂದ ಹಲ್ಲುಬಿದ್ದವನು.

ಅಜ್ಜಿ ಕಣ್ಣು ಮಿಟುಕಿಸಿದರು, ಕಂಡಕ್ಟರು ತುಟಿಯ ಮೇಲೆ ಬೆರಳಿಟ್ಟರು, ಹೆಂಡತಿ ಅವನ ತೋಳು ಚಿವುಟಿದಳು. ಎಲ್ಲ ಎಲ್ಲರಿಗೂ ಕಾಣಿಸಿತು, ಇನ್‌ಸ್ಪೆಕ್ಟರಿಗೂ ಕಾಣಿಸಿತು. ಅವರು ಬಗ್ಗಿ ಗುಮಾಸ್ತರ ಮಗಳ ಎದುರು ಮುಖಕ್ಕೆ ಮುಖ ಕೊಟ್ಟು ಕೇಳಿದರು.

"ನೀನು ಹೇಳಮ್ಮ. ಸುಳ್ಳು ಹೇಳಬಾರದು. ಈ ಡ್ರೈವರು ನಿಮ್ಮಪ್ಪನ ಗೆಳೆಯರಾ?"

ಸುಳ್ಳು ಹೇಳಬಾರದೆಂದು ಬೆಳಿಗ್ಗೆ ಇಡೀ ಸೈನ್ಯವನ್ನು ತಡೆದವಳು ಅವಳು. ಅವಳು ಡ್ರೈವರ ಅಂಗೈಯ ಗಾಯ ನೋಡಿದಳು. ಅಪ್ಪನ ಮುಖ ನೋಡಿದಳು. ಗುಮಾಸ್ತರ ಮುಖದ ಧೂಳಿನ ಮೇಲೆ ಕಣ್ಣೀರು ಇಳಿದು ಎರಡು ಗೀರು ಎಳೆದಿತ್ತು. ಯಾರೋ ಗೊತ್ತಿಲ್ಲದವರಿಗಾಗಿ ಯಾರೂ ಹಾಗೆ ಅಳುವುದಿಲ್ಲವೆಂದು ಆ ವಯಸ್ಸಿಗೇ ತಿಳಿದಿರುತ್ತದೆ.

"ಅಲ್ಲ ಅಂಕಲ್" ಎಂದಳು. "ನಮ್ಮಪ್ಪನಿಗೆ ಗೆಳೆಯರೇ ಇಲ್ಲ. ಬೇಕಾದ್ರೆ ಅಮ್ಮನ್ನ ಕೇಳಿ."

"ಒಬ್ರೂ ಇಲ್ಲ ಸಾರ್" ಎಂದಳು ಹೆಂಡತಿ ತಕ್ಷಣ. "ಮದುವೆಯಾದಾಗಿಂದ ನೋಡ್ತಿದ್ದೀನಿ. ನಾನು ಬರೆದು ಕೊಡ್ತೀನಿ." ಅವಳ ದನಿಯಲ್ಲಿದ್ದ ಅನುಭವದ ಭಾರಕ್ಕೆ ಎದುರಾಡುವವರು ಇರಲಿಲ್ಲ.

ಇನ್‌ಸ್ಪೆಕ್ಟರು ನೆಟ್ಟಗಾದರು. ಬಹಳ ಹೊತ್ತು ಬಸ್ಸಿನ ಕಡೆ, ಅದಕ್ಕೆ ಸುತ್ತಿಕೊಂಡಿದ್ದ ಬಟ್ಟೆಗಳ ಕಡೆ ನೋಡಿದರು. ಕೊನೆಗೆ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. "ಅಪರಿಚಿತರನ್ನ ಕಾಪಾಡಿದ್ದಾರೆ. ಒಳ್ಳೆ ಕೆಲಸ. ಹತ್ತಿ ಎಲ್ಲರೂ, ಬಸ್ಸು ಹಿಂದಕ್ಕೆ ತೆಗೀಬೇಕು" ಎಂದರು. ಡ್ರೈವರು ಇನ್ನೇನೋ ಹೇಳಲು ಬಾಯಿ ತೆರೆದಾಗ, "ನೀವು ಇನ್ನೊಂದು ಮಾತಾಡಿದ್ರೆ ನಾನೇ ರಾಜೀನಾಮೆ ಕೊಡ್ತೀನಿ" ಎಂದು ಸೇರಿಸಿದರು. ರಾಕ್ಷಸರ ಪೈಕಿ ಅಷ್ಟು ಒಳ್ಳೆಯವರು ಸಿಗುವುದು ಕಷ್ಟ.

ಬಸ್ಸು ಹಿಂದೆ ಹಿಂದೆ ಸರಿಯಿತು. ಬೀದಿಯವರೆಲ್ಲ "ಬರ್ಲಿ, ಬರ್ಲಿ, ನಿಲ್ಸಿ" ಎಂದು ಕೂಗಿ ದಾರಿ ಹೇಳಿದರು. ಗುಮಾಸ್ತರು ಮಾತ್ರ ಅಪರಿಚಿತರಿಗೆ ತಕ್ಕಂತೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು. ಡ್ರೈವರೂ ಅವರ ಕಡೆ ತಿರುಗಿ ನೋಡಲಿಲ್ಲ. ಮಗಳು ಬಂದು ಅಪ್ಪನ ಕಿರುಬೆರಳು ಹಿಡಿದುಕೊಂಡಳು.

ಬಸ್ಸು ದೊಡ್ಡ ರಸ್ತೆ ಸೇರಿತು. ಹೊರಡುವ ಮೊದಲು ಉದ್ದಕ್ಕೆ ಒಂದು ಹಾರ್ನ್ ಹೊಡೆಯಿತು, ಬೀದಿಯ ಈ ತುದಿಯವರೆಗೂ ಕೇಳಿಸುವ ಹಾಗೆ.

"ಅಡ್ಡ ಯಾರೂ ಇರಲಿಲ್ಲವಲ್ಲ" ಎಂದ ಹಲ್ಲುಬಿದ್ದವನು. "ಯಾಕೆ ಹೊಡೆದ್ರು?"

"ಸುಮ್ನಿರೋ" ಎಂದಳು ಮಗಳು. "ಇನ್‌ಸ್ಪೆಕ್ಟರ್ ಕೇಳಿಸ್ಕೊಂಡಾರು."